ಮಗುಚಿಟ್ಟ ಹರಿಗೋಲು

ಕನ್ನಡಕ್ಕೆ ಹೊರಗಿನಿಂದ ಬಂದು ಸೇರಿದ ಪದಗಳ ಪಾಠ ನಡೆದಿತ್ತು. ಕಾನೂನು, ಜಮೀನು, ದರ್ಬಾರು, ಖರ್ಚು ಎಂದು ಅರಬ್ಬಿ ಪಾರಸಿಗಳ ಸಾಲವನ್ನು ಕರಿಹಲಗೆಯ ಮೇಲೆ ಬರೆಯುತ್ತ ಹೋದವನು, ಕೊನೆಗೆ ‘ಲಂಗರು’ ಎಂದೂ ಬರೆದೆ. ಹಿಂದಿನ ಬೆಂಚಿನಿಂದ ಚನ್ನಪಟ್ಟಣದ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ಲಂಗರು ಪಾರಸಿಯದಾದರೆ, ಅದು ಬರುವುದಕ್ಕೆ ಮುಂಚೆ ನಮ್ಮ ಕಡೆಯವರು ದೋಣಿಯನ್ನು ಹೇಗೆ ನಿಲ್ಲಿಸುತ್ತಿದ್ದರು?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು.

ನಗುವುದಕ್ಕೆ ಕಾರಣವಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೊಡನೆ ಯಾರ ಕಣ್ಣಿಗೂ ಕಟ್ಟುವುದು ಬಂಡೆ. ಬಂಡೆ ಬಿಟ್ಟರೆ ರೇಷ್ಮೆಗೂಡು, ಅರಗಿನ ಬಣ್ಣದ ಬೊಂಬೆ, ರಾಗಿಯ ಹೊಲ. ಕಡಲು ಇಲ್ಲಿಂದ ನೂರಾರು ಮೈಲಿ ದೂರ. ಇಂಥ ಸೀಮೆಯಲ್ಲಿ ದೋಣಿಯ ಮಾತೇನು, ಅದನ್ನು ನಿಲ್ಲಿಸುವ ಮಾತೇನು? ಆದರೆ ಮನೆಗೆ ಬಂದ ಮೇಲೆ ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ, ಒಳ್ಳೆಯ ಮಾತಿನಲ್ಲಿ ಹೇಳಿದರೂ ಕೇಳದೆ, ಒಬ್ಬ ಅಂಬಿಗನಿಂದ ಅದನ್ನು ಕಲಿತವನು ನಾನು. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ದೋಣಿಯ ಕಥೆಯಾಗಲಿ.

ನಮ್ಮ ಸೀಮೆಯ ದೋಣಿಯೆಂದರೆ ಹರಿಗೋಲು. ಕೆಲವರು ಹರುಗೋಲು, ಹರಗೋಲು ಎನ್ನುವುದೂ ಉಂಟು. ಹೊಳೆಯ ಕೆಳಗೆ ತಮಿಳುನಾಡಿನ ಕಡೆ ಇದೇ ವಸ್ತುವಿಗೆ ಪರಿಸಲ್ ಎಂದು ಹೆಸರು. ಪಕಾರ ಹಕಾರವಾಗುವುದು ಕನ್ನಡದ ಹಳೆಯ ಚಾಳಿಯಾದುದರಿಂದ, ಎರಡೂ ಒಂದೇ ಬಳ್ಳಿಯ ಕಾಯಿಗಳೆಂದು ಕಿವಿ ಹೇಳುತ್ತದೆ. ಸೀಳಿದ ಬಿದಿರಿನಿಂದ ದೊಡ್ಡದೊಂದು ದುಂಡು ಬುಟ್ಟಿಯನ್ನು ಹೆಣೆದು, ಹೊರಗೆ ತೊಗಲನ್ನು ಹೊದಿಸಿದರೆ ಹರಿಗೋಲು ಸಿದ್ಧ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬುಟ್ಟಿ ಮಾತ್ರ ಹಳೆಯದೇ.

ಈ ಬುಟ್ಟಿಯ ವಂಶಾವಳಿ ದೊಡ್ಡದು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಜನ ತುಂಗಭದ್ರೆಯನ್ನು ದಾಟುವುದನ್ನು ಕಂಡು ಬೆರಗಾದ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನವನ್ನು ಹೊರುವ ದುಂಡು ದೋಣಿಗಳು; ಅವು ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಿರುತ್ತವೆ; ಈ ರಾಜ್ಯದ ಹೊಳೆಗಳಲ್ಲಿ ಇವನ್ನು ಬಿಟ್ಟರೆ ಬೇರೆ ದೋಣಿಯೇ ಇಲ್ಲ ಎಂದು ಆತ ಬರೆದಿಟ್ಟಿದ್ದಾನೆ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿನಲ್ಲಿ ಇಂಥದೇ ದೋಣಿಗಳನ್ನು ವರ್ಣಿಸಿದ. ಅರ್ಮೇನಿಯದ ವರ್ತಕರು ಗುರಾಣಿಯಂತೆ ದುಂಡಾದ ತೊಗಲಿನ ದೋಣಿಯಲ್ಲಿ ಸರಕಿನೊಡನೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಹೊಳೆಯ ಮೇಲೆ ತೇಲಿ ಬರುತ್ತಿದ್ದರಂತೆ. ಸರಕು ಮಾರಿ, ದೋಣಿಯ ಕಟ್ಟನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ಮರಳುತ್ತಿದ್ದರಂತೆ. ಸೆಳವಿಗೆ ಎದುರಾಗಿ ದೋಣಿ ನಡೆಸುವುದು ಆಗದ ಮಾತೆಂದು ಅವರಿಗೆ ಗೊತ್ತಿತ್ತು. ಮದರಾಸಿನಲ್ಲಿ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ೧೯೩೦ರ ದಶಕದಲ್ಲಿ ನಮ್ಮ ಹರಿಗೋಲನ್ನೂ ಬ್ರಿಟನ್ನಿನ ಇಂಥ ದೋಣಿಗಳನ್ನೂ ಕುರಿತು ಪಂಡಿತರು ಮೆಚ್ಚುವ ಲೇಖನಗಳನ್ನು ಬರೆದರು.

ನೋಡಿದವರಿಗೆ ಹರಿಗೋಲು ಬುದ್ಧಿಯಿಲ್ಲದ ವಸ್ತುವಿನಂತೆ ಕಾಣುತ್ತದೆ. ಅದಕ್ಕೆ ಮುಂದು ಇಲ್ಲ, ಹಿಂದು ಇಲ್ಲ, ಚುಕ್ಕಾಣಿ ಇಲ್ಲ. ಆದರೆ ಅದು ಹುಟ್ಟಿದ ಹೊಳೆಗಳನ್ನು ನೋಡಿದರೆ ಅದರ ಬುದ್ಧಿ ತಿಳಿಯುತ್ತದೆ. ಕಾವೇರಿ, ತುಂಗಭದ್ರೆ, ಅರ್ಕಾವತಿ ಎಲ್ಲವೂ ಕಲ್ಲಿನ ಮೇಲೆ ಹರಿಯುವ ಹೊಳೆಗಳು. ಬೇಸಿಗೆಯಲ್ಲಿ ಮೊಣಕಾಲುದ್ದ, ಮಳೆಗಾಲದಲ್ಲಿ ಆಳು ಮುಳುಗುವಷ್ಟು. ನೀರಿನಲ್ಲಿ ಆಳವಾಗಿ ಇಳಿಯುವ ಮರದ ದೋಣಿ ಇಂಥ ಕಡೆ ಮೊದಲ ಬಂಡೆಗೇ ಒಡೆಯುತ್ತದೆ. ಹರಿಗೋಲು ನೀರಿನ ಮೇಲೆ ಎಲೆಯಂತೆ ಕೂರುತ್ತದೆ. ಕಲ್ಲಿಗೆ ತಾಗಿದರೆ ಬಿದಿರು ಬಾಗಿ, ಪಕ್ಕಕ್ಕೆ ಜಾರಿ, ಒಂದು ಸುತ್ತು ಸುತ್ತಿ ಮುಂದೆ ಹೋಗುತ್ತದೆ. ಅಂಬಿಗನು ಹುಟ್ಟನ್ನು ಎದುರಿಗೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಆಚೆ ದಡದ ಗುರಿಗೆ ನೇರವಾಗಿ ಹೊರಡುವುದಿಲ್ಲ. ದಡದ ಮಗ್ಗುಲಿನ ಸಪ್ಪೆ ನೀರಿನಲ್ಲಿ ಮೊದಲು ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಹೊಳೆಗೆ ಬಿದ್ದು, ಸೆಳವು ಕೆಳಗೆ ಎಷ್ಟು ಒಯ್ಯುತ್ತದೆಂಬುದನ್ನು ಮುಂಚೆಯೇ ಲೆಕ್ಕ ಹಾಕಿ ಇಳಿಯಬೇಕಾದ ಜಾಗದಲ್ಲಿ ಇಳಿಸುತ್ತಾನೆ. ನೀರನ್ನು ಎದುರಿಸುವುದು ಅವನ ವಿದ್ಯೆಯಲ್ಲ, ನೀರಿನ ಬಲವನ್ನು ತನ್ನ ಕೆಲಸಕ್ಕೆ ಬಗ್ಗಿಸಿಕೊಳ್ಳುವುದು ಅವನ ವಿದ್ಯೆ. ಕಡಲಿನವರು ನಾವಿಕವಿದ್ಯೆ ಎನ್ನುತ್ತಾರೆ. ಹೊಳೆಯವರಿಗೆ ಅದು ಅಂಬಿಗತನ.

ಅಂಬಿಗತನದಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ: ಹೊಳೆಯ ಹೊತ್ತನ್ನು ಅರಿಯುವುದು. ಇದನ್ನು ಅರಿಯದೆ ಕೆಟ್ಟವರಲ್ಲಿ ನಮ್ಮಂಥ ಸಾಮಾನ್ಯರಷ್ಟೇ ಅಲ್ಲ, ಸೇನಾಪತಿಗಳೂ ಇದ್ದಾರೆ. ಅದಕ್ಕೆ ದೃಷ್ಟಾಂತ ಈ ನಾಲ್ಕು ಊರುಗಳ ಚರಿತ್ರೆಯಲ್ಲೇ ಇದೆ.

೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟ. ರಾಮನಗರ ಚನ್ನಪಟ್ಟಣಗಳ ನೇರ ದಾರಿಯನ್ನು ಬಿಟ್ಟು, ಕಾನಕಾನಹಳ್ಳಿ ಎಂದು ಆಗ ಕರೆಯುತ್ತಿದ್ದ ಕನಕಪುರದ ದಾರಿ ಹಿಡಿದ. ಟಿಪ್ಪು ಆ ದಾರಿಯ ಮೇವು ಧಾನ್ಯಗಳನ್ನು ಸುಟ್ಟು ಬರಿದು ಮಾಡಿಸಿದ್ದ. ದಂಡು ಅರಕೆರೆಯ ಬಳಿ ಕಾವೇರಿಗೆ ಬಂದಾಗ ಮಳೆ ಹಿಡಿದಿತ್ತು, ಹೊಳೆ ತುಂಬಿತ್ತು. ಹಾಯಬಹುದೆಂದು ನಂಬಿದ್ದ ಜಾಗದಲ್ಲಿ ಹಾಯುವಂತಿರಲಿಲ್ಲ. ಮೇ ೧೫ರ ಕಾಳಗದಲ್ಲಿ ಗೆದ್ದರೂ ಗೆಲುವು ಕೈಗೆ ಹತ್ತಲಿಲ್ಲ. ಮೇಲಕ್ಕೆ ಕನ್ನಂಬಾಡಿಯವರೆಗೆ ಹೋಗಿ ಮಲಬಾರಿನ ಕಡೆಯಿಂದ ಬರುತ್ತಿದ್ದ ಇನ್ನೊಂದು ದಂಡನ್ನು ಕೂಡಿಕೊಳ್ಳುವ ಆಸೆಯೂ ಉಳಿಯಲಿಲ್ಲ. ಎತ್ತುಗಳು ಸತ್ತವು, ಆಹಾರ ಮುಗಿಯಿತು. ಅಷ್ಟು ದೂರ ಎಳೆದು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಗವರ್ನರ್ ಜನರಲ್ ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿದ.

ಅದೇ ವರ್ಷ ಡಿಸೆಂಬರಿನಲ್ಲಿ ಅವನ ಸೈನ್ಯ ಮಾಗಡಿಯ ಸಾವನದುರ್ಗವನ್ನೂ ಅದರ ಬೆನ್ನಿಗೆ ರಾಮಗಿರಿಯನ್ನೂ ಹಿಡಿಯಿತು. ಯಾರೂ ಹತ್ತಲಾರರೆಂದು ಹೆಸರಾಗಿದ್ದ ಬಂಡೆಗಳು ಕೆಲವೇ ದಿನಗಳಲ್ಲಿ ಸೋತವು. ಆರು ತಿಂಗಳ ಹಿಂದೆ ಹೊಳೆ ಸೋತಿರಲಿಲ್ಲ. ಬಂಡೆ ಇದ್ದಲ್ಲೇ ಇರುತ್ತದೆ, ಅದಕ್ಕೆ ಏಣಿ ಹಾಕಬಹುದು. ಹೊಳೆ ನಿನ್ನೆ ಇದ್ದಂತೆ ಇಂದು ಇರುವುದಿಲ್ಲ.

ಸೋತವರು ಪಾಠ ಕಲಿತರು. ಮುಂದಿನ ಮುತ್ತಿಗೆ ೧೭೯೨ರ ಫೆಬ್ರವರಿಯಲ್ಲಿ, ಹೊಳೆ ಇಳಿದ ಕಾಲದಲ್ಲಿ ನಡೆಯಿತು. ೧೭೯೯ರಲ್ಲಿ ಜನರಲ್ ಹ್ಯಾರಿಸ್ ಮಾರ್ಚಿ ತಿಂಗಳ ಕೊನೆಯಲ್ಲೇ ಸೋಸಲೆಯ ಬಳಿ ಕಾವೇರಿಯನ್ನು ಹಾಯ್ದು, ಮಳೆ ಬರುವ ಮೊದಲೇ ಮೇ ೪ರಂದು ಕೋಟೆಗೆ ಲಗ್ಗೆ ಹಾಕಿದ. ಸಿಪಾಯಿಗಳು ಕಲ್ಲು ತುಂಬಿದ ಹೊಳೆಯ ಪಾತ್ರದಲ್ಲಿ ನಡೆದೇ ದಾಟಿದರು. ಆ ದಂಡಿನಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಎಂಬ ತರುಣ ಕರ್ನಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ೧೮೦೩ರ ಮರಾಠಾ ಯುದ್ಧಕ್ಕೆ ಹೊರಟಾಗ ಅವನು ನಮ್ಮ ಹರಿಗೋಲುಗಳನ್ನೇ ಕಟ್ಟಿಸಿ ಹೊಳೆಗಳ ಬಳಿ ಸಿದ್ಧವಾಗಿಡಿಸಿದ. ತುಂಬಿದ ಹೊಳೆ ಎದುರಾಳಿಯ ಕುದುರೆಪಡೆಗೆ ಗೋಡೆ, ಹರಿಗೋಲು ಇರುವ ತನಗೆ ಬಾಗಿಲು ಎಂಬುದು ಅವನ ಎಣಿಕೆ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಈತನೇ. ಅಂಥವನೂ ಬಿದಿರು ಬುಟ್ಟಿಯನ್ನು ಹಗುರವಾಗಿ ಎಣಿಸಲಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದರೂ ನಾನು ಹಗುರವಾಗಿ ಎಣಿಸಿದೆ. ಈಗ ನನ್ನ ಕಥೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಪ್ಪತ್ತೈದು ಮೂವತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಕನಕಪುರ ತಾಲ್ಲೂಕಿನ ಸಂಗಮಕ್ಕೆ ಹೋಗಿದ್ದೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಮಾಗಡಿ, ರಾಮನಗರ, ಕನಕಪುರಗಳ ನೆಲವನ್ನು ಹಾದು ಬಂದು ಕಾವೇರಿಯನ್ನು ಸೇರುವುದು ಅಲ್ಲಿ. ಮೇಕೆದಾಟಿಗೆ ಹೋಗುವವರು ಆ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ, ಆಚೆ ದಡದಿಂದ ಇನ್ನೂ ನಾಲ್ಕೈದು ಕಿಲೋಮೀಟರು ಸಾಗಬೇಕು. ನಾವು ತಲಪಿದಾಗ ಬಿಸಿಲು ಚೆನ್ನಾಗಿತ್ತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಆದರೆ ಅಂಬಿಗ ಹರಿಗೋಲನ್ನು ದಡಕ್ಕೆ ಎಳೆದುಕೊಳ್ಳುತ್ತಿದ್ದ.

“ಯಜಮಾನರೇ, ನಾವು ಆಚೆಗೆ ಹೋಗಬೇಕು,” ಎಂದೆ.

“ಈಗ ಆಗಕ್ಕಿಲ್ಲ ಮೇಷ್ಟ್ರೇ. ನೀರು ಬತ್ತಾ ಅದೆ.”

“ನೀರು ಹೀಗೇ ಇದೆಯಲ್ಲ! ಮಳೆಯೂ ಇಲ್ಲ.”

“ಮಳೆ ಇಲ್ಲಿ ಯಾಕೆ ಬರ್ಬೇಕು? ಮ್ಯಾಲೆ ಬಂದಿರ್ತದೆ. ಆ ಕಲ್ ನೋಡಿ, ಬೆಳಿಗ್ಗೆ ಮೊಳದುದ್ದ ಕಾಣ್ತಿತ್ತು.”

ನಾನು ಕಲ್ಲನ್ನು ನೋಡಲಿಲ್ಲ, ಗಡಿಯಾರವನ್ನು ನೋಡಿದೆ. ಕತ್ತಲಾಗುವ ಮೊದಲು ಹುಡುಗರನ್ನು ಮನೆ ಮುಟ್ಟಿಸಬೇಕಿತ್ತು. ಮೇಕೆದಾಟನ್ನು ತೋರಿಸುವೆನೆಂದು ಮಾತು ಕೊಟ್ಟಿದ್ದೆ. ಒಂದಕ್ಕೆ ಎರಡರಷ್ಟು ಕೊಡುತ್ತೇನೆಂದೆ. ಒಂದೇ ಸಲಕ್ಕೆ ಹೆಚ್ಚು ಹುಡುಗರನ್ನು ಹತ್ತಿಸಿಕೊಂಡರೆ ಬೇಗ ಮುಗಿಯುತ್ತದಲ್ಲ ಎಂದು ಉಪಾಯವನ್ನೂ ಹೇಳಿಕೊಟ್ಟೆ. ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ. ಇನ್ನೊಬ್ಬನ ಕೈಸೇರಿಸಿ ಹರಿಗೋಲನ್ನು ದಡದ ಮೇಲಕ್ಕೆ ತಂದ, ಬೋರಲು ಹಾಕಿದ, ಅದರ ಮೇಲೆ ಕುಳಿತ, ಎಲೆಯಡಿಕೆ ತೆಗೆದ. ಮಾತು ಮುಗಿಯಿತೆಂದು ಅರ್ಥ.

ನಾನು ವಿದ್ಯಾರ್ಥಿಗಳ ಎದುರು ಮುಖಭಂಗವಾಯಿತೆಂದುಕೊಂಡು ದೂರ ಹೋಗಿ ಕುಳಿತೆ. ಗಂಟೆ ಕಳೆಯುವುದರೊಳಗೆ ಹೊಳೆಯ ಬಣ್ಣ ತಿರುಗಿತು. ತಿಳಿಯಾಗಿದ್ದದ್ದು ಕೆಂಪಗಾಯಿತು, ನೊರೆ, ತರಗು, ಸಣ್ಣ ಕಡ್ಡಿ, ಕೊನೆಗೆ ಇಡೀ ಕೊಂಬೆಗಳು ಬಂದವು. ಅವನು ತೋರಿಸಿದ್ದ ಕಲ್ಲು ಕಾಣದಾಯಿತು. ಕಲ್ಲಿನ ಮೇಲೆ ನೀರು ಹರಿಯುವ ಸದ್ದು ನಿಂತು, ಅದಕ್ಕೆ ಬದಲಾಗಿ ಒಂದು ದಪ್ಪ ಮೌನ ಬಂತು. ನನಗೆ ಅತಿ ಹೆಚ್ಚು ಭಯವಾದುದು ಆ ಮೌನದಿಂದ. ನಾನು ಹೇಳಿಕೊಟ್ಟಿದ್ದ ಲೆಕ್ಕದಂತೆ ನಡೆದಿದ್ದರೆ ಆ ಹೊತ್ತಿಗೆ ಅರ್ಧ ಹುಡುಗರು ಆಚೆ ದಡದಲ್ಲಿ, ಉಳಿದರ್ಧ ನಟ್ಟನಡು ಹೊಳೆಯಲ್ಲಿ ಇರಬೇಕಾಗಿತ್ತು. ಹೋಗಿ ಅವನ ಪಕ್ಕದಲ್ಲಿ ನಿಂತೆ. “ಕೂತ್ಕೊಳಿ ಮೇಷ್ಟ್ರೇ,” ಎಂದು ಬೋರಲು ಬಿದ್ದ ಹರಿಗೋಲಿನ ಮೇಲೆ ಜಾಗ ಬಿಟ್ಟ. ಮತ್ತೇನೂ ಹೇಳಲಿಲ್ಲ.

ಹರಿಗೋಲಿಗೆ ಲಂಗರು ಏಕಿಲ್ಲವೆಂಬುದು ನನಗೆ ಆ ದಿನ ತಿಳಿಯಿತು. ಹೊಳೆಯ ನಡುವೆ ನಿಲ್ಲುವ ಆಸೆಯೇ ಅದಕ್ಕಿಲ್ಲ. ಅದರ ಲಂಗರು ದಡ. ಕೆಲಸ ಮುಗಿದೊಡನೆ ಅದನ್ನು ನೀರಿನಿಂದ ತೆಗೆದುಬಿಡುತ್ತಾರೆ. ತಲೆಯ ಮೇಲೆ ಹೊತ್ತು ನಡೆಯುವುದೂ ಉಂಟು. ಬೋರಲು ಹಾಕಿದ್ದಕ್ಕೆ ಮಳೆನೀರು ತುಂಬುವ ಭಯವಿಲ್ಲ, ರಾತ್ರಿ ಹೊಳೆ ಏರಿ ಕೊಚ್ಚಿಕೊಂಡು ಹೋಗುವ ಭಯವಿಲ್ಲ. ‘ಮಗುಚು’ ಎಂಬ ನಮ್ಮ ಮಾತಿನ ವಿಚಿತ್ರವನ್ನು ನೋಡಿ. ಹೊಳೆಯಲ್ಲಿ ಮಗುಚಿದರೆ ಮರಣ. ದಡದಲ್ಲಿ ಮಗುಚಿಟ್ಟರೆ ಕ್ಷೇಮ. ಎರಡನೆಯದನ್ನು ಹೊತ್ತಿಗೆ ಸರಿಯಾಗಿ ಮಾಡಿದವನಿಗೆ ಮೊದಲನೆಯದರ ಭಯ ಕಡಮೆ.

ಹಾಗೆಂದು ಲಂಗರಿನ ವಿದ್ಯೆ ಕೀಳೆಂದು ನಾನು ಹೇಳುತ್ತಿಲ್ಲ. ಅದೂ ನನಗೆ ಸ್ವಲ್ಪ ಪೆಟ್ಟು ತಿಂದ ಮೇಲೆಯೇ ಬಂತು. ಕೆಲವು ವರ್ಷಗಳ ನಂತರ ಉಡುಪಿಯ ಕಡೆಯ ಸ್ನೇಹಿತರೊಬ್ಬರ ಸಣ್ಣ ದೋಣಿಯಲ್ಲಿ ಅಳಿವೆಯ ನೀರಿಗೆ ಹೋಗಿದ್ದೆವು. ಲಂಗರು ಹಾಕುವ ಕೆಲಸವನ್ನು ನಾನು ಕೇಳಿ ಪಡೆದೆ. ಕಬ್ಬಿಣವನ್ನು ಎತ್ತಿ ದೊಪ್ಪನೆ ಎಸೆದು, ತಳ ಮುಟ್ಟಿದೊಡನೆ ಹಗ್ಗವನ್ನು ಬಿಗಿದು ಕಟ್ಟಿದೆ. ಹತ್ತು ನಿಮಿಷದಲ್ಲಿ ದಡದ ತೆಂಗಿನಮರಗಳು ಹಿಂದಕ್ಕೆ ನಡೆಯಲಾರಂಭಿಸಿದವು. “ಮಾರಾಯ್ರೆ, ಮರ ನಡೆಯುವುದಲ್ಲ, ನಾವು ಹೋಗುವುದು!” ಎಂದು ಸ್ನೇಹಿತರು ನಕ್ಕರು.

ಲಂಗರು ಹಿಡಿಯುವುದು ಬರಿಯ ಭಾರದಿಂದಲ್ಲವೆಂದು ಆಮೇಲೆ ತಿಳಿಸಿಕೊಟ್ಟರು. ಅದರ ಕೊಕ್ಕೆ ನೆಲವನ್ನು ಕಚ್ಚಬೇಕು. ಕಚ್ಚಬೇಕಾದರೆ ಹಗ್ಗ ಅದನ್ನು ಮೇಲಕ್ಕೆ ಎತ್ತದೆ ನೆಲದ ಮಗ್ಗುಲಿಗೆ ಎಳೆಯಬೇಕು. ಅದಕ್ಕಾಗಿ ನೀರಿನ ಆಳದ ಐದರಷ್ಟಾದರೂ ಹಗ್ಗ ಬಿಡಬೇಕು, ಗಾಳಿಯಿದ್ದರೆ ಏಳರಷ್ಟು. ಎಸೆಯಬಾರದು, ಇಳಿಸಬೇಕು; ದೋಣಿ ತಾನಾಗಿ ಹಿಂದೆ ಸರಿಯುವಾಗ ಹಗ್ಗವನ್ನು ಸಡಿಲ ಬಿಡುತ್ತ, ಕೊನೆಗೆ ಒಮ್ಮೆ ಜಗ್ಗಿ ನೋಡಬೇಕು. ಮರಳು, ಜೇಡಿಗಳಲ್ಲಿ ಹಿಡಿತ ಚೆನ್ನ. ಬರಿ ಬಂಡೆಯ ಮೇಲೆ ಜಾರುತ್ತದೆ, ಬಂಡೆಯ ಸಂದಿಗೆ ಸಿಕ್ಕಿದರೆ ಮೇಲೆ ಬರುವುದೇ ಇಲ್ಲ. ದಡದ ಮೇಲೆ ಒಂದರ ಹಿಂದೆ ಒಂದು ಕಾಣುವ ಎರಡು ಗುರುತುಗಳನ್ನು ಇಟ್ಟುಕೊಳ್ಳಬೇಕು; ಅವು ಒಂದೇ ಗೆರೆಯಲ್ಲಿದ್ದರೆ ದೋಣಿ ನಿಂತಿದೆ, ಬೇರೆಯಾದರೆ ಜಾರುತ್ತಿದೆ. ಎಲ್ಲಕ್ಕಿಂತ ಮುಖ್ಯವಾದುದು, ಹಗ್ಗವನ್ನು ದೋಣಿಯ ಮೂತಿಗೆ ಕಟ್ಟಬೇಕೇ ಹೊರತು ಹಿಂಬದಿಗೆ ಎಂದೂ ಕಟ್ಟಬಾರದು. ತಗ್ಗಾದ ಹಿಂಬದಿಯನ್ನು ಸೆಳವಿಗೆ ಒಡ್ಡಿದರೆ ನೀರು ಒಳಗೆ ನುಗ್ಗಿ ದೋಣಿ ಕೂತುಬಿಡುತ್ತದೆ. ನೆಲ ಬೇರೆಯಾದರೂ ಕಲ್ಲನ್ನು ಗುರುತಿಟ್ಟುಕೊಂಡ ಸಂಗಮದ ಅಂಬಿಗನೂ ಮರಗಳನ್ನು ಗುರುತಿಟ್ಟುಕೊಂಡ ಕರಾವಳಿಯ ಸ್ನೇಹಿತರೂ ಒಂದೇ ಗುರುಕುಲದವರೆಂದು ನನಗೆ ತೋರಿತು.

ಈಗ ಈ ಹಳೆಯ ಮಾತುಗಳನ್ನು ಎತ್ತಿದ್ದಕ್ಕೆ ಕಾರಣವಿದೆ. ಬಂಡೆಯ ನಾಡೆಂದು ನಾವು ನಕ್ಕ ಈ ಸೀಮೆ ಕಳೆದ ನೂರು ವರ್ಷಗಳಲ್ಲಿ ಸದ್ದಿಲ್ಲದೆ ನೀರಿನ ನಾಡಾಗಿದೆ. ಬೆಂಗಳೂರಿಗೆ ಕುಡಿಯುವ ನೀರಿಗಾಗಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ೧೯೩೩ರಲ್ಲಿ ಚಾಮರಾಜಸಾಗರವಾಯಿತು. ೧೯೪೬ರಲ್ಲಿ ಚನ್ನಪಟ್ಟಣದ ಕಣ್ವ ಜಲಾಶಯವಾಯಿತು. ಅರ್ಕಾವತಿಗೆ ಅಡ್ಡಲಾಗಿ ಮಂಚನಬೆಲೆ, ಕನಕಪುರದ ಹಾರೋಬೆಲೆ ಬಂದವು. ಭಾನುವಾರ ಬಂದರೆ ಬೆಂಗಳೂರಿನಿಂದ ಜನ ಇಂಥ ನೀರನ್ನು ಹುಡುಕಿಕೊಂಡು ಹೊರಡುತ್ತಾರೆ. ಗಾಳಿ ತುಂಬಿದ ರಬ್ಬರು ದೋಣಿ, ಟ್ಯೂಬು, ಬಾಡಿಗೆಯ ಕಾರು ಎಲ್ಲವೂ ಇರುತ್ತವೆ. ‘ಈಗ ಆಗಕ್ಕಿಲ್ಲ’ ಎನ್ನುವ ಒಬ್ಬನು ಮಾತ್ರ ಇರುವುದಿಲ್ಲ. ಮಂಚನಬೆಲೆಯಲ್ಲಿ ಮುಳುಗಿದ ತರುಣರ ಸುದ್ದಿಯನ್ನು ಈ ಪತ್ರಿಕೆಯ ಓದುಗರು ಎಷ್ಟು ಸಲ ಓದಿಲ್ಲ? ನಿಂತ ನೀರು ಸಾಧುವೆಂದು ಅವರು ನಂಬಿದ್ದರು. ನಾನು ಬಿಸಿಲನ್ನು ನಂಬಿದಂತೆ.

ತಪ್ಪು ಒಳನಾಡಿನವರದು ಮಾತ್ರವೆಂದು ತಿಳಿಯಬೇಡಿ. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ಹೊರಬಹುದಾದುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಆ ಸುದ್ದಿಯನ್ನು ಓದಿದ ದಿನ ನನ್ನ ಕೈಯಿಂದ ಪತ್ರಿಕೆ ಜಾರಿತು. ‘ಒಂದೇ ಸಲಕ್ಕೆ ಹೆಚ್ಚು ಜನ’ ಎಂಬ ಉಪಾಯ ನನ್ನದೂ ಆಗಿತ್ತಲ್ಲ!

ಸಂಗಮದ ಭವಿಷ್ಯವೂ ಈಗ ಪ್ರಶ್ನೆಯಾಗಿದೆ. ಮೇಕೆದಾಟಿನ ಬಳಿ ೬೭.೧೬ ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವನ್ನು ಕಟ್ಟಬೇಕೆಂಬುದು ಕರ್ನಾಟಕ ಸರ್ಕಾರದ ಯೋಜನೆ. ತಮಿಳುನಾಡು ಅದನ್ನು ವಿರೋಧಿಸುತ್ತ ಬಂದಿದೆ. ಸರಿ ತಪ್ಪುಗಳನ್ನು ತೂಗುವುದು ಭಾಷೆಯ ಮೇಷ್ಟರ ಕೆಲಸವಲ್ಲ. ಆದರೆ ಯೋಜನೆ ನಡೆದರೆ ಸಂಗಮವೂ ನೀರಿನಡಿಗೆ ಹೋಗುತ್ತದೆ. ಅಂಬಿಗ ತೋರಿಸಿದ ಆ ಕಲ್ಲು ಇನ್ನೆಂದೂ ಮೇಲೆ ಕಾಣುವುದಿಲ್ಲ. ಅಲ್ಲಿ ಆಗ ಇರುವುದು ಆಳದ, ಅಗಲದ, ಗಾಳಿಗೆ ಅಲೆಯೇಳುವ ನೀರು. ಅದಕ್ಕೆ ಬೇರೆ ದೋಣಿ ಬೇಕು. ಬಹುಶಃ ಲಂಗರೂ ಬೇಕಾದೀತು. ದೋಣಿ ಹೊಸದಾಗಲಿ, ಲಂಗರು ಉಕ್ಕಿನದಾಗಲಿ, ಬೇಡವಾಗದು. ಆದರೆ ಅದನ್ನು ನಡೆಸುವವನಿಗೆ ಬೇಡವೆನ್ನುವ ಅಧಿಕಾರ ಇರಬೇಕು. ಆ ಅಧಿಕಾರವನ್ನು ದುಡ್ಡು ತೋರಿಸಿ ಕೊಳ್ಳಲು ಬರುವ ನನ್ನಂಥವರಿಗೆ ಅದನ್ನು ಮಾರದಿರುವ ಗಟ್ಟಿತನವೂ ಇರಬೇಕು. ಅಂಥ ಒಬ್ಬನನ್ನು ಕಟ್ಟೆ ಕಟ್ಟಿದಂತೆ ಕಟ್ಟಲಾಗದು. ಅವನು ತಲೆಮಾರುಗಳಿಂದ ಹೊಳೆಯ ಮಗ್ಗುಲಲ್ಲಿ ಬೆಳೆದು ಬರಬೇಕು.

ಮರುದಿನ ತರಗತಿಗೆ ಹೋಗಿ ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದೆ. “ನಿನ್ನೆ ನಕ್ಕಿದ್ದು ನನ್ನ ತಪ್ಪು. ನಮ್ಮ ಕಡೆಯವರು ದೋಣಿಯನ್ನು ನೀರಿನಲ್ಲಿ ನಿಲ್ಲಿಸುತ್ತಿರಲಿಲ್ಲಪ್ಪ, ದಡದ ಮೇಲೆ ಬೋರಲು ಹಾಕಿ ಅದರ ಮೇಲೆ ಕುಳಿತುಕೊಳ್ಳುತ್ತಿದ್ದರು,” ಎಂದೆ.

ಇದು ತಮಾಷೆಯೆಂದುಕೊಂಡು ತರಗತಿ ಮತ್ತೆ ನಕ್ಕಿತು. ಹುಡುಗ ಮಾತ್ರ ನಗಲಿಲ್ಲ. “ಎಷ್ಟು ಹೊತ್ತು ಸಾರ್?” ಎಂದು ಕೇಳಿದ.

“ನೀರು ಇಳಿಯುವವರೆಗೆ,” ಎಂದು ಹೇಳಿ ಪಾಠಕ್ಕೆ ತಿರುಗಿದೆ.